ಶ್ರುತಸಂರಕ್ಷಣೆ ಮತ್ತು ಸುಸ್ಥಿರ ಅಭಿವೃದ್ಧಿ ಗುರಿಗಳು: ಒಂದು ವಿಮರ್ಶೆ

ವಿಶ್ವಸಂಸ್ಥೆಯು 2015ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳು 17. ಅವುಗಳ ಉಪಗುರಿಗಳು 169. ಸಂಸ್ಕೃತಿಗೆಂದೇ ಮೀಸಲಾದ ಗುರಿ ಇವುಗಳಲ್ಲಿಲ್ಲ. ನಗರಗಳನ್ನು ಕುರಿತ 11ನೆಯ ಗುರಿಯ 4ನೆಯ ಉಪಗುರಿಯು ಜಗತ್ತಿನ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯ ರಕ್ಷಣೆಯನ್ನು ಹೇಳುತ್ತದೆ. ಶಿಕ್ಷಣವನ್ನು ಕುರಿತ 4ನೆಯ ಗುರಿಯಲ್ಲಿ ಸಾಂಸ್ಕೃತಿಕ ವೈವಿಧ್ಯದ ಅರಿವೂ 16ನೆಯದರಲ್ಲಿ ಮಾಹಿತಿಯ ಸಾರ್ವಜನಿಕ ಲಭ್ಯತೆಯೂ ಸೇರಿವೆ. ಹಸ್ತಪ್ರತಿಗಳ ಡಿಜಿಟಲೀಕರಣ ಯೋಜನೆಗಳು ಈ ಗುರಿಗಳಿಗೆ ಹೊಂದಿಕೊಂಡು ನಡೆಯಬೇಕೆಂಬ ಅಭಿಪ್ರಾಯ ಈಗ ಕೇಳಿಬರುತ್ತಿದೆ. ಭಾರತದಲ್ಲಿ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025ರ ಕೇಂದ್ರ ಮುಂಗಡಪತ್ರವು ಜ್ಞಾನಭಾರತಂ ಯೋಜನೆಯ ಮೂಲಕ 1 ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಗಳನ್ನು ಘೋಷಿಸಿತು. ಕಾರ್ಯ ಇಷ್ಟು ವ್ಯಾಪಕವಾಗಿರುವಾಗ ಅದನ್ನು ಅಳೆಯುವ ಮಾನದಂಡ ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಗುರಿಗಳ ಆಶಯ ಜೈನ ಪರಂಪರೆಗೆ ಹೊಸದಲ್ಲ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಆಹಾರ, ಔಷಧ, ಅಭಯಗಳೊಡನೆ ಸಮಾನ ಸ್ಥಾನವಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕಾರ್ಯವು ಪರಂಪರೆಯ ರಕ್ಷಣೆಯನ್ನೂ ವಿದ್ಯೆಯ ಲಭ್ಯತೆಯನ್ನೂ ಒಮ್ಮೆಗೇ ಸಾಧಿಸಿತು. ಜ್ಯೇಷ್ಠ ಶುದ್ಧ ಪಂಚಮಿಯಂದು ಆಚರಿಸುವ ಶ್ರುತಪಂಚಮಿಯಲ್ಲಿ ಗ್ರಂಥಗಳನ್ನು ಪೂಜಿಸುವುದರ ಜೊತೆಗೆ ಕಟ್ಟುಗಳನ್ನು ಬಿಚ್ಚಿ, ಧೂಳು ತೆಗೆದು, ವಸ್ತ್ರ ಬದಲಿಸುವ ರೂಢಿಯೂ ಇದೆ. ಆದುದರಿಂದ ಡಿಜಿಟಲೀಕರಣವನ್ನು ಪರಕೀಯವೆಂದು ದೂರವಿಡುವುದು ಸರಿಯಲ್ಲ. ಶಾಸ್ತ್ರದಾನಕ್ಕೆ ಒದಗಿದ ಹೊಸ ಉಪಕರಣವೆಂದೇ ಅದನ್ನು ಭಾವಿಸಬಹುದು.

ಆಕ್ಷೇಪಕ್ಕೆ ಎಡೆಯಿರುವುದು ಅಳತೆಯ ವಿಷಯದಲ್ಲಿ. 11.4ನೆಯ ಉಪಗುರಿಗೆ ಗೊತ್ತುಪಡಿಸಿರುವ ಸೂಚಕವು ಪರಂಪರೆಯ ಸಂರಕ್ಷಣೆಗಾಗಿ ಮಾಡಿದ ತಲಾವಾರು ವೆಚ್ಚ. ವೆಚ್ಚವು ಕಾರಣಗಳಲ್ಲಿ ಒಂದು. ಅದನ್ನೇ ಕಾರ್ಯವೆಂದು ಗ್ರಹಿಸುವುದು ತರ್ಕಸಮ್ಮತವಲ್ಲ. ತೆಗೆದ ಚಿತ್ರಗಳ ಲೆಕ್ಕಕ್ಕೂ ಇದೇ ದೋಷ ತಗಲುತ್ತದೆ. ಒಂದು ಓಲೆಕಟ್ಟಿನಲ್ಲಿ ಅನೇಕ ಕೃತಿಗಳಿರುವುದುಂಟು. ಒಂದೇ ಕೃತಿಯ ಗರಿಗಳು ಎರಡು ಕಟ್ಟುಗಳಲ್ಲಿ ಚದುರಿರುವುದೂ ಉಂಟು. ಕಟ್ಟನ್ನು ಎಣಿಸಿದರೆ ಒಂದು ಸಂಖ್ಯೆ, ಕೃತಿಯನ್ನು ಎಣಿಸಿದರೆ ಇನ್ನೊಂದು, ಗರಿಯನ್ನು ಎಣಿಸಿದರೆ ಮತ್ತೊಂದು. ಎಣಿಕೆಯೂ ಒಂದು ನಯವೇ. ಇತರ ನಯಗಳನ್ನು ನಿರಾಕರಿಸಿದಾಗ ಅದು ನಯಾಭಾಸವಾಗುತ್ತದೆ.

ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಹೇಳಿದ ನಾಲ್ಕು ನಿಕ್ಷೇಪಗಳನ್ನು ಇಲ್ಲಿ ಸಾದೃಶ್ಯದಿಂದ ಅನ್ವಯಿಸಬಹುದು. ಯೋಜನೆಯ ವರದಿಯಲ್ಲಿ ಗುರಿಯ ಸಂಖ್ಯೆಯನ್ನು ನಮೂದಿಸುವುದು ನಾಮ. ಓಲೆಯ ಸ್ಥಾನದಲ್ಲಿ ಅದರ ಚಿತ್ರವನ್ನಿರಿಸುವುದು ಸ್ಥಾಪನೆ. ಗರಿಗಳ ಕ್ರಮವನ್ನು ನಿಶ್ಚಯಿಸಿ, ಆದ್ಯಂತಗಳನ್ನೂ ಪುಷ್ಪಿಕೆಯನ್ನೂ ಗುರುತಿಸಿ, ಮುಂದಿನ ಓದಿಗೆ ಯೋಗ್ಯವಾಗಿ ಸಿದ್ಧಪಡಿಸಿದ ಸಂಗ್ರಹ ದ್ರವ್ಯ. ಬಲ್ಲವನೊಬ್ಬನು ಅದನ್ನು ಉಪಯೋಗಪೂರ್ವಕವಾಗಿ ಓದಿದಾಗ ಮಾತ್ರ ಭಾವ. ಚಿತ್ರಗ್ರಹಣದೊಡನೆ ಮುಗಿಯುವ ಯೋಜನೆಗಳು ಎರಡನೆಯ ಮೆಟ್ಟಿಲಿನಲ್ಲೇ ನಿಂತು, ನಾಲ್ಕನೆಯದನ್ನು ಮುಟ್ಟಿದಂತೆ ಹೇಳಿಕೊಳ್ಳುತ್ತವೆ.

ಈ ಭೇದದ ಮಹತ್ತ್ವಕ್ಕೆ ಷಟ್ಖಂಡಾಗಮದ ಮುದ್ರಣವೇ ಸಾಕ್ಷಿ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯೊಡನೆ ಇದರ ಮೊದಲ ಸಂಪುಟ 1939ರಲ್ಲಿ ಹೊರಬಂದಾಗ ಆಧಾರವಾಗಿದ್ದುದು ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಅವುಗಳಲ್ಲಿರಲಿಲ್ಲ. ಅಲ್ಲಿ ಆ ಪದವಿರಬೇಕೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದರು. ಆ ಸೂಚನೆ ವಿದ್ವಾಂಸರಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಮುಂದೆ ಮೂಡಬಿದಿರೆಯ ತಾಡಪತ್ರವನ್ನು ನೋಡಿದಾಗ ಪದವು ಅಲ್ಲಿ ಕಂಡುಬಂದಿತು. ಮೂಲದ ನಿರ್ದುಷ್ಟ ಚಿತ್ರವು ಅಂದೇ ಸಂಪಾದಕರ ಕೈಯಲ್ಲಿದ್ದಿದ್ದರೆ ಪಾಠದ ಸಂದೇಹಕ್ಕೆ ಅವಕಾಶವಿರುತ್ತಿರಲಿಲ್ಲ. ಇದು ಡಿಜಿಟಲೀಕರಣದ ಪಕ್ಷದಲ್ಲಿ ಪ್ರಬಲ ಪ್ರಮಾಣ. ಆದರೆ ಪದ ಬಿಟ್ಟುಹೋಗಿದೆಯೆಂದು ಮೊದಲು ತಿಳಿದದ್ದು ಚಿತ್ರದಿಂದಲ್ಲ, ಸಿದ್ಧಾಂತವನ್ನು ಬಲ್ಲ ಓದಿನಿಂದ. ಆ ಓದು ಇಲ್ಲದಿದ್ದರೆ ತಾಡಪತ್ರದಲ್ಲಿ ಆ ಪದವನ್ನು ಹುಡುಕುವ ಅಗತ್ಯವೇ ಯಾರಿಗೂ ತೋರುತ್ತಿರಲಿಲ್ಲ.

ಸುಸ್ಥಿರತೆಯ ಮಾತನ್ನು ಮಾಧ್ಯಮಕ್ಕೂ ಅನ್ವಯಿಸಬೇಕು. ಹದವಾಗಿ ಸಂಸ್ಕರಿಸಿದ ತಾಳೆಗರಿ ಕರಾವಳಿಯ ತೇವದಲ್ಲಿಯೂ ಶತಮಾನಗಳ ಕಾಲ ಬಾಳಿದೆ. ಅದಕ್ಕೆ ಬೇಕಾದುದು ಬಟ್ಟೆ, ಹಲಗೆ, ಎಣ್ಣೆ ಮತ್ತು ನಿಯತವಾದ ಮಾನವಶ್ರಮ. ಡಿಜಿಟಲ್ ಕಡತವಾದರೋ ನಿರಂತರ ವಿದ್ಯುತ್ತನ್ನು, ಕೆಲವು ವರ್ಷಗಳಿಗೊಮ್ಮೆ ಹೊಸ ಯಂತ್ರಕ್ಕೂ ಹೊಸ ರೂಪಕ್ಕೂ ವರ್ಗಾವಣೆಯನ್ನು ಬಯಸುತ್ತದೆ. ಹಿಂದೆ ಸಿ.ಡಿ.ಗಳಲ್ಲಿ ತುಂಬಿಟ್ಟ ಸಂಗ್ರಹಗಳನ್ನು ತೆರೆಯುವ ಸೌಕರ್ಯ ಇಂದಿನ ಬಹುಪಾಲು ಗಣಕಯಂತ್ರಗಳಲ್ಲಿಲ್ಲ. ತ್ಯಾಜ್ಯವನ್ನು ತಗ್ಗಿಸಬೇಕೆಂದು 12ನೆಯ ಗುರಿ ವಿಧಿಸುತ್ತದೆ. ಹಳೆಯ ಯಂತ್ರಗಳ ರಾಶಿಯನ್ನು ಬೆಳೆಸುವ ಯೋಜನೆ 11ನೆಯದನ್ನು ಹೇಳಿ 12ನೆಯದನ್ನು ಮರೆಯುವಂತಿಲ್ಲ. ಚಿತ್ರವಿದೆಯೆಂದು ಮೂಲದ ಆರೈಕೆ ತಪ್ಪಿದರೆ ಎರಡೂ ನಷ್ಟವಾಗುವ ಭಯವುಂಟು.

ಮಾಧ್ಯಮಾಂತರವು ಶ್ರುತಪರಂಪರೆಗೆ ಮೊದಲ ಬಾರಿ ಬಂದ ಸಂಕಟವೇನಲ್ಲ. ಶ್ರುತವಿಚ್ಛೇದದ ಭಯದಿಂದ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಕರೆಸಿದರು. ಒಬ್ಬರಿಗೆ ಅಧಿಕಾಕ್ಷರವುಳ್ಳ, ಇನ್ನೊಬ್ಬರಿಗೆ ಹೀನಾಕ್ಷರವುಳ್ಳ ಮಂತ್ರವನ್ನಿತ್ತು ಪರೀಕ್ಷಿಸಿದ ವೃತ್ತಾಂತ ಪ್ರಸಿದ್ಧವೇ ಆಗಿದೆ. ಮಂತ್ರಗಳನ್ನು ತಾವೇ ತಿದ್ದಿಕೊಂಡ ಬಳಿಕವೇ ಪುಷ್ಪದಂತ ಭೂತಬಲಿಗಳಿಗೆ ಆಗಮದ ಉಪದೇಶವಾಯಿತು; ಗ್ರಂಥರಚನೆ ಅನಂತರದ್ದು. ಅಕ್ಷರದ ಹೆಚ್ಚುಕಡಿಮೆಯನ್ನು ಅರಿಯಬಲ್ಲ ಪಾತ್ರನನ್ನು ಆರಿಸುವುದು ಮೊದಲು, ಬರವಣಿಗೆ ಆಮೇಲೆ. ಇಂದಿನ ಯೋಜನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಆದುದರಿಂದ ಶ್ರುತಭಂಡಾರಗಳೊಡನೆ ವ್ಯವಹರಿಸುವ ಯಾವುದೇ ಯೋಜನೆಯು ಚಿತ್ರಗಳ ಸಂಖ್ಯೆಯ ಜೊತೆಗೆ ಮತ್ತೆ ಕೆಲವು ವಿಷಯಗಳನ್ನು ವರದಿ ಮಾಡಬೇಕು: ಗುರುತಿಸಿದ ಕೃತಿಗಳೆಷ್ಟು, ಹಳಗನ್ನಡ ಲಿಪಿಯನ್ನೂ ಪ್ರಾಕೃತವನ್ನೂ ಕಲಿತು ಸಿದ್ಧರಾದವರೆಷ್ಟು ಮಂದಿ, ಮೂಲ ಓಲೆಗಳ ಸ್ಥಿತಿಯೇನು, ಕಡತಗಳ ಮುಂದಿನ ವರ್ಗಾವಣೆಯ ಹೊಣೆ ಯಾರದು, ಗ್ರಂಥವನ್ನು ಕಾಪಾಡಿಕೊಂಡು ಬಂದ ಮಠ, ಬಸದಿ, ಮನೆತನಗಳಿಗೆ ಪ್ರತಿಯೊಂದು ದೊರೆಯಿತೇ. ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ 1948ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ಇಂದಿಗೂ ವಿದ್ವಾಂಸರಿಗೆ ಉಪಯುಕ್ತವಾಗಿರುವುದು ಅದರ ಹಿಂದೆ ಓಲೆಗಳ ಓದು ಇರುವುದರಿಂದ. ಓದುವವರನ್ನು ಬೆಳೆಸದ ಸಂರಕ್ಷಣೆ, ಅದಕ್ಕೆ ಯಾವ ಗುರಿಯ ಸಂಖ್ಯೆಯನ್ನು ಹಚ್ಚಿದರೂ, ಸುಸ್ಥಿರವೆನಿಸದು.