ಹಿಂಬರಹ ಎಂಬ ಸಾಹಿತ್ಯ ಪ್ರಕಾರ

ನಮ್ಮ ವಿಮರ್ಶಕರು ಕಾವ್ಯ, ಕಥೆ, ನಾಟಕ ಅಂತ ವಿಂಗಡಿಸಿ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಹಳ್ಳಿಯ ಜನ ಕೈಯಲ್ಲಿ ಹಿಡಿದು ಅಲೆಯುವ ಬರವಣಿಗೆಯೊಂದನ್ನು ಯಾರೂ ಮುಟ್ಟಿಲ್ಲ. ಅದು ಸರ್ಕಾರಿ ಕಛೇರಿಯ ಹಿಂಬರಹ. ಮುಟ್ಟಬಾರದವರು ಅನಿಸಿಕೊಂಡವರ ಹಟ್ಟಿಯಿಂದ ಬಂದ ನಾನೇ ಅದನ್ನು ಮುಟ್ಟುತ್ತಿದ್ದೇನೆ.

ನನ್ನ ಮುಂದಿರುವ ಕೃತಿ ಒಂದೇ ವಾಕ್ಯದ್ದು: "ತಾವು ಕೋರಿರುವ ಕಡತವು ಈ ಕಛೇರಿಯಲ್ಲಿ ಲಭ್ಯವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಹಿನ್ನೆಲೆ ಇಷ್ಟೆ. ನಮ್ಮ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. ಮಗಳ ಮದುವೆ ಸಾಲಕ್ಕೆ ಅದು ಊರ ಒಡೆಯರ ಪಾಲಾಯಿತು. ಇಂಥ ಜಮೀನನ್ನು ಪರಿಶಿಷ್ಟರಿಗೆ ವಾಪಸು ಕೊಡಿಸಲೆಂದೇ 1978ರ ಕಾಯ್ದೆ ಬಂತು, ಜನರ ಬಾಯಲ್ಲಿ ಪಿಟಿಸಿಎಲ್. ಆದರೆ ಅದು ಮಂಜೂರಾದ ಜಮೀನೇ ಅಂತ ಮೊದಲು ತೋರಿಸಬೇಕು. ಸಾಗುವಳಿ ಚೀಟಿ ಸೋರುವ ಸೂರಿನ ಕೆಳಗೆ ಎಂದೋ ಕರಗಿಹೋಗಿತ್ತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಮಂಜೂರಾತಿ ಕಡತದ ನಕಲು ಕೇಳಿದೆ. ಮೂವತ್ತು ದಿನ ಉಸಿರಿಲ್ಲ. ಮೇಲ್ಮನವಿ ಹಾಕಿದ ಮೇಲೆ ಬಂದದ್ದು ಈ ಹಿಂಬರಹ.

ಓದಿ ಹೇಳಿದೆ. ಅವ್ವ ಕೇಳಿದಳು: "ಇಲ್ಲ ಅಂತ ಹೇಳ್ದೋರು ಯಾರ್ಲಾ ಮಗ?"

"ಕಛೇರಿಯವ್ರು ಕಣವ್ವ."

"ಕಛೇರಿಗೆ ಬಾಯಿ ಇದ್ದದಾ? ಹೇಳ್ದೋನ್ ಹೆಸ್ರಿಲ್ವಾ ಅದ್ರಲ್ಲಿ?"

ಅಕ್ಷರ ಬಾರದ ಅವ್ವನ ಈ ಪ್ರಶ್ನೆ ಕಾಲೇಜಿನಲ್ಲಿ ನನಗೆ ಯಾರೂ ಕಲಿಸದ ವಿಮರ್ಶೆ. "ತಿಳಿಯಪಡಿಸಲಾಗಿದೆ" ಎಂಬ ಕ್ರಿಯೆಗೆ ಕರ್ತೃವೇ ಇಲ್ಲ. "ಕಳೆದುಹಾಕಿದೆವು" ಅಂದರೆ ಕಳೆದವನೊಬ್ಬ ಬೇಕು. "ಲಭ್ಯವಿರುವುದಿಲ್ಲ" ಅಂದರೆ ಯಾರೂ ಬೇಕಿಲ್ಲ, ಈ ವರ್ಷ ಮಳೆ ಇಲ್ಲ ಅಂದಹಾಗೆ. ನಮ್ಮ ಕೇರಿಯಲ್ಲಿ ಒಂದು ಕೋಳಿ ಕಾಣದಿದ್ದರೂ ಯಾರು ಕಂಡಿರಿ ಅಂತ ಮನೆಮನೆಗೆ ಹೋಗಿ ಕೇಳುತ್ತಾರೆ. ಎರಡು ಎಕರೆಯ ಕಡತ ಕಾಣದಿದ್ದರೆ ಕೇಳುವವರಿಲ್ಲ. ಆಡಳಿತದಲ್ಲಿ ಕನ್ನಡ ಬಂತು ಎಂದು ಹಿಗ್ಗುವವರು ಇದನ್ನು ನೋಡಬೇಕು. ಲಿಪಿ ನಮ್ಮದಾಯಿತು, ದನಿ ಒಡೆಯರದೇ ಉಳಿಯಿತು.

ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿಲ್ಲ ಗೆಳೆಯರೇ. ಮಾಹಿತಿ ನಿರಾಕರಿಸುವವನು ಕಾರಣ, ಮೇಲ್ಮನವಿಯ ಅವಧಿ, ಅದನ್ನು ಯಾರಿಗೆ ಹಾಕಬೇಕು ಎಂಬ ಮೂರನ್ನೂ ಬರೆಯಬೇಕೆಂದು 7(8)ನೇ ಕಲಮು ಹೇಳುತ್ತದೆ. ಯಾವುದನ್ನು ಕೊಡದಿರಬಹುದು ಎಂಬ ಪಟ್ಟಿ 8 ಮತ್ತು 9ನೇ ಕಲಮಿನಲ್ಲಿದೆ. ಅಲ್ಲಿ "ಕಡತ ಸಿಗಲಿಲ್ಲ" ಎಂಬ ಬಾಬತ್ತೇ ಇಲ್ಲ. ಕಡತ ಸಿಗದಿದ್ದರೆ ಚೆನ್ನಾಗಿ ಹುಡುಕಬೇಕು, ಆಗಲೂ ಸಿಗದಿದ್ದರೆ ಹೊಣೆ ಯಾರದೆಂದು ವಿಚಾರಣೆಯಾಗಬೇಕು ಎಂದು 2013ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಅದು ನಮ್ಮವ್ವನ ಪ್ರಶ್ನೆಯೇ.

ಇನ್ನು ಛಂದಸ್ಸಿನ ವಿಚಾರ. ಕರ್ನಾಟಕದ 2008ರ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೂರು ತಲೆಮಾರು ಕಳಕೊಂಡದ್ದನ್ನು ನೂರೈವತ್ತು ಪದಕ್ಕೆ ಕತ್ತರಿಸಬೇಕು. ಶತಮಾನಗಳ ಕಾಲ ಮಾತಾಡಲು ಬಿಡದವರಿಗೆ, ಬಾಯಿ ಬಂದ ಕೂಡಲೇ ಪದ ಎಣಿಸುವ ಶಿಕ್ಷೆ!

ಹಾಗೆಯೇ ಕಾಲದ ಲೆಕ್ಕ. ಅಧಿಕಾರಿಗೆ 30 ದಿನ; ಪ್ರಾಣ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮೊದಲ ಮೇಲ್ಮನವಿಗೆ 30 ದಿನ, ಹೆಚ್ಚೆಂದರೆ 45. ಎರಡನೆಯದನ್ನು ನಾವು 90 ದಿನದೊಳಗೆ ಹಾಕಬೇಕು. ಅಲ್ಲಿಂದ ಮುಂದೆ? ಮಾಹಿತಿ ಆಯೋಗ ಇಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ತಡ ಮಾಡಿದವನಿಗೆ ದಿನಕ್ಕೆ 250 ರೂಪಾಯಿ ದಂಡ, ಗರಿಷ್ಠ 25,000. ಭಾಗಿಸಿ ನೋಡಿ: ನೂರು ದಿನ. ದಂಡ ಬಿದ್ದರೂ ನೂರೊಂದನೇ ದಿನದಿಂದ ವಿಳಂಬ ಪುಕ್ಕಟೆ.

ನಮ್ಮ ವಿಳಂಬ ಮಾತ್ರ ಎಂದೂ ಪುಕ್ಕಟೆಯಾಗಲಿಲ್ಲ. ಪಿಟಿಸಿಎಲ್ ಮೊಕದ್ದಮೆಯಲ್ಲಿ ಸಮಂಜಸ ಅವಧಿಯೊಳಗೆ ಬರಬೇಕಿತ್ತು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ತಡವಾಗಿ ಬಂದವರ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಅಡ್ಡಬರಕೂಡದೆಂದು ತಿದ್ದುಪಡಿ ಬರಲು 2023 ಆಗಬೇಕಾಯಿತು. ಕಾಗದ ಅವರ ಬೀರುವಿನಲ್ಲಿ, ತಡ ಮಾಡಿದ ತಪ್ಪು ನಮ್ಮ ತಲೆಯ ಮೇಲೆ.

ಮಾಹಿತಿ ಹಕ್ಕು ಯಾರೋ ದೊಡ್ಡವರು ಕರುಣೆಯಿಂದ ಕೊಟ್ಟದ್ದಲ್ಲ. ರಾಜಸ್ಥಾನದ ಕೂಲಿಕಾರರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿ, ಮಸ್ಟರ್ ರೋಲ್ ತೋರಿಸಿ ಅಂತ ಕೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಬೆವರು ಬರೆದ ಆ ಕೃತಿಯನ್ನು ದಿಲ್ಲಿ ಈಗ ತಿದ್ದುತ್ತಿದೆ. 2019ರಲ್ಲಿ ಆಯುಕ್ತರ ಅವಧಿ, ಸಂಬಳ ನಿಗದಿ ಮಾಡುವ ಅಧಿಕಾರ ಕೇಂದ್ರ ಸರ್ಕಾರದ ಕೈಗೆ ಹೋಯಿತು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ 8(1)(ಜೆ) ಕಲಮನ್ನು ಮೊಟಕು ಮಾಡಿ, ವೈಯಕ್ತಿಕ ಮಾಹಿತಿ ಅಂದರೆ ಸಾಕು ಕೊಡಬೇಕಿಲ್ಲ ಎಂಬಂತೆ ಮಾಡಿತು. ಸಾರ್ವಜನಿಕ ಹಿತದ 8(2)ನೇ ಕಿಟಕಿ ಇನ್ನೂ ಇದೆ, ಚಿಲಕ ಒಳಗಿನವರ ಕೈಲಿದೆ. ನಾಳೆ ನನ್ನ ತಾತನ ಜಮೀನು ಯಾರ ಹೆಸರಿಗೆ ಹೋಯಿತು ಅಂತ ಕೇಳಿದರೆ, ಅದು ಅವರ ಖಾಸಗಿ ವಿಷಯ ಅಂದುಬಿಡಬಹುದು.

ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿ ಅಂತ ಗೌತಮ ಧರ್ಮಸೂತ್ರ ಹೇಳಿತ್ತು. ಇವತ್ತು ಸೀಸ ಕಾಯಿಸುವ ಶ್ರಮವಿಲ್ಲ. ಒಂದು ಹಿಂಬರಹ ಸಾಕು.

ಆದ್ದರಿಂದ ಹಳ್ಳಿಯ ಮೇಷ್ಟರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಮಾತು. ನಿಮ್ಮೂರಿಗೆ ಬಂದ ಹಿಂಬರಹಗಳನ್ನು ಕೂಡಿಹಾಕಿ. ಹಟ್ಟಿಯ ಕಟ್ಟೆ ಮೇಲೆ ಗಟ್ಟಿಯಾಗಿ ಓದಿ. ಒಂದೊಂದು ವಾಕ್ಯಕ್ಕೂ ಕರ್ತೃ ಎಲ್ಲಿ ಅಂತ ಮಕ್ಕಳಿಗೆ ಕೇಳಿ. ವ್ಯಾಕರಣ ಪಾಠವೂ ಆಗುತ್ತದೆ.

ನಾನು ಎರಡನೇ ಮೇಲ್ಮನವಿ ಹಾಕಿದ್ದೇನೆ. ಕೊನೆಯ ಸಾಲು ಅವ್ವನದು: ಇಲ್ಲ ಅಂತ ಹೇಳಿದವರು ಯಾರು?