ನಾಲ್ವರು ಗುಲಾಮರು, ಎರಡು ನುಡಿ

ಇಸ್ಪೀಟೆಲೆ ಹಿಡಿದು ಕತೆ ಹೇಳುತ್ತ ಕೈಚಳಕ ತೋರಿಸುವುದನ್ನು ನಾವು ಮಕ್ಕಳ ವಿನೋದವೆಂದು ತಳ್ಳಿಹಾಕುತ್ತೇವೆ. ವಿಮರ್ಶೆಗೆ ಅದು ವಸ್ತುವೇ ಅಲ್ಲವೆಂಬ ಭಾವನೆಯೂ ಉಂಟು. ಆದರೆ ಮಾತು ಸೋತ ಕ್ಷಣವೇ ಸಿಕ್ಕಿಬೀಳುವ ಕಲೆ ಇದು. ನುಡಿಯ ಗಡಿಯಲ್ಲಿ ಬದುಕುವ ನಮಗೆ ಅದರಿಂದ ಕಲಿಯುವುದಿದೆ.

‘ನಾಲ್ವರು ಕಳ್ಳರು’ ಬಹಳ ಮಂದಿ ಬಲ್ಲ ಆಟ. ನಾಲ್ಕು ಗುಲಾಮರನ್ನು ಬೀಸಣಿಗೆಯಂತೆ ಬಿಡಿಸಿ ತೋರಿಸಿ, ಮಡಚಿ ಕಟ್ಟಿನ ಮೇಲಿಟ್ಟು, ಒಬ್ಬೊಬ್ಬನನ್ನಾಗಿ ಮನೆಯ ಒಂದೊಂದು ಅಂತಸ್ತಿಗೆ ಕಳಿಸುವುದು. ಶಿಳ್ಳೆ ಹಾಕಿದರೆ ನಾಲ್ವರೂ ಮೇಲೆಯೇ ಇರುತ್ತಾರೆ. ಗುಟ್ಟು ಮಕ್ಕಳ ಪುಸ್ತಕಗಳಲ್ಲೂ ಅಚ್ಚಾಗಿದೆ: ಗುಲಾಮರ ಬೆನ್ನಿಗೆ ಬೇರೆ ಮೂರು ಎಲೆ ಅಡಗಿರುತ್ತವೆ, ಒಳಗೆ ಹೋಗುವವು ಅವೇ. ಹಾಗಾಗಿ ಎಲೆ ಸೇರಿಸುವಾಗ ಅದರ ಮುಖ ತೋರಿಸುವಂತಿಲ್ಲ. ಆಟದ ದುರ್ಬಲ ಜಾಗ ಇದೇ. ಸಾಧಾರಣ ಆಟಗಾರ ಇಲ್ಲಿ ಅವಸರಪಡುತ್ತಾನೆ. ಬಲ್ಲವನು ನಿಧಾನಿಸಿ, “ಕತ್ತಲದಾಗ ಕಳ್ಳ ಮಾರಿ ತೋರಿಸ್ತಾನೇನ್ರಿ?” ಎಂದು ಕೇಳುತ್ತಾನೆ. ಜನ ನಗುತ್ತಾರೆ, ಅವರ ಕಣ್ಣು ಅವನ ಮುಖಕ್ಕೆ ಏಳುತ್ತದೆ, ಎಲೆ ಒಳಗೆ ಸೇರುತ್ತದೆ. ಎಲೆಯ ಮುಖ ಮುಚ್ಚುವುದಕ್ಕೆ ಕತೆಯೇ ಕಾರಣ ಒದಗಿಸಿತು. ಇಂಥ ಕತೆಯನ್ನು ಆಟದಿಂದ ಬಿಡಿಸಿ ತೆಗೆಯಲಾಗದು.

ಇದೇ ಆಟವನ್ನು ಉಮರ್ಗಾ, ನಿಲಂಗಾ ಅಥವಾ ಉದಗೀರಿನ ಕನ್ನಡ ಮನೆಯೊಂದರ ಪಡಸಾಲೆಯಲ್ಲಿ ಊಹಿಸಿಕೊಳ್ಳಿ. ನಿಲಂಗಾ, ಉದಗೀರು ತಾಲೂಕುಗಳು 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಿಂದ ಬೇರೆಯಾದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಅಜ್ಜಿಗೆ ಕನ್ನಡವೇ ಸಲೀಸು, ಮೊಮ್ಮಕ್ಕಳು ಓದುವುದು ಮರಾಠಿಯಲ್ಲಿ, ನೆರೆಯವರಿಗೆ ಕನ್ನಡ ಬಾರದು. ಮಾತು ತಿಳಿದವರು ಮುಖ ನೋಡುತ್ತಾರೆ. ತಿಳಿಯದವರು ಕೈ ನೋಡುತ್ತಾರೆ. ಕಳ್ಳನನ್ನು ಹಿಡಿಯುವವರು ಅವರೇ. ಪ್ರತಿ ವಾಕ್ಯವನ್ನೂ ಅನುವಾದಿಸಹೊರಟರೆ ಇನ್ನೂ ಕೆಟ್ಟಿತು: ಕನ್ನಡ ಕೇಳಿ ನಕ್ಕವರು ಮರಾಠಿ ಮುಗಿಯುವ ತನಕ ಕೈಯನ್ನೇ ನೋಡುತ್ತ ಕೂರುತ್ತಾರೆ. ಕಾಸರಗೋಡಿನ ಓದುಗರು ಮರಾಠಿಯ ಜಾಗದಲ್ಲಿ ಮಲಯಾಳವನ್ನು ಇಟ್ಟುಕೊಂಡರೂ ಸಂಗತಿ ಇದೇ.

ಹೊರಗಿನಿಂದ ಕತೆ ತಂದರೂ ಇದೇ ಪಾಡು. ಅಮೆರಿಕದ ಬಿಲ್ ಮಲೋನ್ ಪ್ರಸಿದ್ಧಗೊಳಿಸಿದ ‘ಸ್ಯಾಮ್ ದಿ ಬೆಲ್‌ಹಾಪ್’ ಆಟದಲ್ಲಿ, ಮೊದಲೇ ಜೋಡಿಸಿಟ್ಟ ಎಲೆಗಳು ಕತೆಯ ಅಂಕಿ, ಹೆಸರುಗಳಿಗೆ ಸರಿಯಾಗಿ ಒಂದೊಂದಾಗಿ ಹೊರಬರುತ್ತವೆ. ಇಂಗ್ಲಿಷಿನಲ್ಲಿ ಅದು ಸೊಗಸು. ಕನ್ನಡದಲ್ಲಿ ಬಾಯಿಪಾಠ ಒಪ್ಪಿಸಿದರೆ ಕೈ ಪಳಗಿದ್ದರೂ ಕತೆ ಕೂರದು; ಅದರ ಶ್ಲೇಷೆಯೆಲ್ಲ ಎಲೆಗಳ ಇಂಗ್ಲಿಷ್ ಹೆಸರಿನಲ್ಲಿದೆ.

ನಮ್ಮಲ್ಲೇ ಸಾಮಗ್ರಿ ಇದೆ. ಕನ್ನಡ, ಮರಾಠಿಗಳ ಗುಲಾಮ ಮಲಯಾಳದಲ್ಲಿ ಗುಲಾನ್. ನಮ್ಮ ಮಾಳಿಗೆ ಮರಾಠವಾಡದ ಮಣ್ಣಿನ ಮನೆಯಲ್ಲಿ ಮಾಳವದ. ಕಳ್ಳರನ್ನು ಅಂತಸ್ತುಗಳಿಂದ ಇಳಿಸಿ ಅಂಗಳ, ಪಡಸಾಲೆ, ಅಡುಗೆಮನೆಗೆ ಕಳಿಸಿ, ಕಾವಲಿನವನನ್ನು ಮಾಳಿಗೆಯ ಮೇಲೆ ನಿಲ್ಲಿಸಿದರೆ ನೆರೆಯವರೂ ಕತೆಯೊಳಗೆ ಬರುತ್ತಾರೆ. ತೊಗಲುಗೊಂಬೆಯ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿ ಮೂಲದ ನುಡಿಯಾಡುತ್ತ, ಪರದೆಯ ಹಿಂದೆ ಕನ್ನಡದಲ್ಲಿ ರಾಮಾಯಣ ನಡೆಸಿದವರು. ಎರಡು ನುಡಿ ಅವರ ಕತೆಗೆ ತೊಡಕಾಗಲಿಲ್ಲ.

ಕನ್ನಡಿಯ ಮುಂದಿನ ಅಭ್ಯಾಸ ಕೈಯನ್ನು ತಿದ್ದೀತು, ಮಾತನ್ನು ತಿದ್ದದು. ಮೊದಲು ಎಲೆಯಿಲ್ಲದೆ ಕತೆ ಹೇಳಿ ನೋಡಬೇಕು. ಕೇಳುವವರು ಎದ್ದುಹೋದರೆ ಅಂಥ ಕತೆಗೆ ಎಲೆ ಸೇರಿಸಿ ಪ್ರಯೋಜನವಿಲ್ಲ. ಆಮೇಲೆ ಕನ್ನಡ ಬಾರದ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಬೇಕು. ಅವರಿಗಿಂತ ಕಠಿಣ ವಿಮರ್ಶಕರಿಲ್ಲ.

ಕನ್ನಡ ಆಡಬಲ್ಲ, ಬರೆಯಲಾರದ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಭಾಷಣ ಸ್ಪರ್ಧೆಯಲ್ಲಿ ತಡವರಿಸಿದರೆ ಅವರಿಗೆ ಅಂಕ ಹೋಗುತ್ತದೆ. ಇಲ್ಲಿ ತಡವರಿಸಿದರೆ ಗುಲಾಮ ಸಿಕ್ಕಿಬೀಳುತ್ತಾನೆ. ಕನ್ನಡವನ್ನು ಚೆನ್ನಾಗಿ ಆಡಲು ಇಷ್ಟು ನೇರವಾದ ಕಾರಣವನ್ನು ನಾವು ಅವರಿಗೆ ಬೇರೆಲ್ಲಿ ಕೊಟ್ಟಿದ್ದೇವೆ?