ಮಿರಗದ ಮಳೆಯ ಮರುದಿನ

ಜೂನ್ 7–8ರ ಹೊತ್ತಿಗೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ. ಹದವಾದ ಮಳೆ ಬಿತ್ತೆಂದರೆ ಯಳವತ್ತಿ ಕಡೆಯ ರೈತರಿಗೆ ಹೆಸರು, ಶೇಂಗಾ ಬಿತ್ತನೆಯದೇ ಚಿಂತೆ. ಸಣ್ಣ ಜೀವಿಗಳನ್ನು ನೋಡುವ ಹುಚ್ಚು ಹತ್ತಿದವರು ಮಾತ್ರ ಕೂರಿಗೆ ಹೊಲಕ್ಕೆ ಇಳಿಯುವ ಮೊದಲೇ ಬದುವಿನ ಮೇಲೆ ಕೂತಿರಬೇಕು. ಮಳೆ ನಿಂತು, ಎಳೆ ಬಿಸಿಲು ಬಿದ್ದು, ಮಣ್ಣು ಇನ್ನೂ ಹಸಿಯಾಗಿರುವ ಆ ಬೆಳಗಿನಲ್ಲಿ ಕೆಂಪು ಮಖಮಲ್ಲಿನ ಹುಳ ಮೇಲೆ ಬರುತ್ತದೆ. ಎರಿ ಹೊಲದಲ್ಲಿ ಹುಡುಕಿ ದಣಿಯಬೇಡಿ, ಸಡಿಲವಾದ ಮಸಾರಿ ನೆಲ ನೋಡಿ.

ಹುಳ ಎಂದು ಕರೆದರೂ ಅದು ಕೀಟವಲ್ಲ. ಎಂಟು ಕಾಲಿನ ಜೇಡ, ಚೇಳುಗಳ ಬಳಗ. ಉಣ್ಣಿಗೆ ಇನ್ನೂ ಹತ್ತಿರದ ನೆಂಟ. ಇದೇ ಬಳಗದ ಹಾರ್ವೆಸ್ಟ್‌ಮನ್‌ಗಳನ್ನು ಚೆನ್ನಾಗಿ ನೋಡಬೇಕೆಂದರೆ ಮಲೆನಾಡಿಗೇ ಹೋಗಬೇಕು. ಮನೆಯ ಮೂಲೆಯಲ್ಲಿ ಬಲೆ ಕಟ್ಟಿ ತೂಗುವ ಉದ್ದಗಾಲಿನ ಜೇಡ ಅದಲ್ಲ. ಹಾರ್ವೆಸ್ಟ್‌ಮನ್‌ಗೆ ನೂಲೂ ಇಲ್ಲ, ವಿಷವೂ ಇಲ್ಲ, ನಡುವೂ ಇಲ್ಲ. ಮೈಯೆಲ್ಲ ಒಂದೇ ಗುಂಡು. ಮೈಯ ನೀರು ಬೇಗ ಆರುವುದರಿಂದ ಅವುಗಳಲ್ಲಿ ಹೆಚ್ಚಿನವು ಹಗಲೆಲ್ಲ ತೊಗಟೆ, ಕಲ್ಲುಗಳ ಸಂದಿಯಲ್ಲಿದ್ದು, ಕತ್ತಲಾದ ಮೇಲೆ ಎರಡನೆಯ ಜೊತೆ ಕಾಲನ್ನು ಮುಂದೆ ಚಾಚಿ ತಡಕುತ್ತಾ ಹೊರಡುತ್ತವೆ.

ಒಣ ಸೀಮೆಯ ಮಖಮಲ್ಲಿನ ಹುಳ ಅದೇ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಿಕೊಂಡಿದೆ: ವರ್ಷದ ಬಹುಪಾಲು ನೆಲದೊಳಗೇ ಇದ್ದುಬಿಡುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಇದರದೇ ಕುಲದ ದೊಡ್ಡ ಹುಳವನ್ನು ಸಂಶೋಧಕರಾದ ಲಾಯ್ಡ್ ಟೆವಿಸ್ ಮತ್ತು ಇರ್ವಿನ್ ನ್ಯೂವೆಲ್ ಬೆನ್ನುಹತ್ತಿ ನೋಡಿ 1962ರಲ್ಲಿ ಬರೆದರು. ಅಲ್ಲಿ ಮಳೆ ಚಳಿಗಾಲದ್ದು. ಮಳೆ ಕಳೆದು ಬಿಸಿಲು ಬಂದ ದಿನ ಕೆಲವೇ ತಾಸು ಮೇಲಿದ್ದು, ಗೆದ್ದಲು ತಿಂದು, ಜೊತೆ ಕೂಡಿ, ಮತ್ತೆ ಮಣ್ಣು ಸೇರುತ್ತದೆ. ಆ ಗಳಿಗೆಯೇ ಯಾಕೆ? ಅದೇ ಮಳೆಗೆ ರೆಕ್ಕೆಯ ಗೆದ್ದಲು, ಅಂದರೆ ಈಚಲು, ಹೊರಬಿದ್ದು ರೆಕ್ಕೆ ಉದುರಿಸಿಕೊಂಡು ನೆಲದ ಮೇಲೆ ಸಿಗುತ್ತದೆ. ನಮ್ಮ ಹುಳಕ್ಕೂ ಗೆದ್ದಲೇ ಮುಖ್ಯ ಊಟ. ಒಂದೇ ಹನಿ ಇಬ್ಬರನ್ನೂ ಎಬ್ಬಿಸುತ್ತದೆ.

ಮೊಣಕಾಲೂರಿ ಹತ್ತಿರದಿಂದ ನೋಡಿ. ಉಬ್ಬಿದ ಮೈ ತುಂಬ ಒತ್ತೊತ್ತಾದ ಕೆಂಪು ರೋಮ, ಬೆನ್ನ ಮೇಲೆ ಅಲ್ಲಲ್ಲಿ ತಗ್ಗು. ಮುಂಗಾಲನ್ನು ನೆಲಕ್ಕೆ ಬಡಿಯುತ್ತಾ, ಹೆಂಟೆ ಬಂದರೆ ಹತ್ತಿ ಇಳಿಯುತ್ತದೆ. ಕಡ್ಡಿ ತಾಗಿಸಿದರೆ ಕಾಲು ಮುದುರಿ ಬಿದ್ದುಕೊಂಡು, ತುಸು ಹೊತ್ತಿನ ಮೇಲೆ ಮತ್ತೆ ಹೊರಡುತ್ತದೆ. ಬಯಲಲ್ಲಿ ಇಷ್ಟು ನಿರ್ಭಯವಾಗಿ ತಿರುಗಲು ಕಾರಣ ಅದರ ಕೆಟ್ಟ ರುಚಿ. ಬಾಯಿಗೆ ಹಾಕಿಕೊಂಡ ಪ್ರಾಣಿಗಳು ಉಗುಳಿಬಿಡುತ್ತವೆ, ಕೆಂಪು ಬಣ್ಣವೇ ಎಚ್ಚರಿಕೆ. ಬಿಸಿಲೇರಿ ಮಣ್ಣು ಆರತೊಡಗಿದಾಗ ಬದು ಖಾಲಿ. ಹತ್ತು ಗಂಟೆಗೆ ಎದ್ದು ಬಂದು ಒಂದೂ ಕಾಣಲಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನಾಳೆ ಬೇಗ ಬನ್ನಿ.

ದಯವಿಟ್ಟು ಡಬ್ಬಿಯಲ್ಲಿ ತುಂಬಿಕೊಂಡು ಹೋಗಬೇಡಿ. ಒಣಗಿಸಿ, ಬೀರ್ ಬಹೂಟಿ ಎಂಬ ಹೆಸರಿನಲ್ಲಿ ಎಣ್ಣೆಗಾಗಿ ಮಾರುವವರಿದ್ದಾರೆ, ನನಗದು ಸಹಿಸದು. ಮೊಟ್ಟೆಯಿಡುವ ಮೊದಲೇ ಹಿಡಿದರೆ ಮುಂದಿನ ಪೀಳಿಗೆಯೇ ಹೋಯಿತು.

ಮಿರಗ ಮುಗಿದರೆ ನೋಡುವುದು ಮುಗಿಯಿತೆಂದಲ್ಲ. ಮೊಟ್ಟೆಯೊಡೆದ ಮರಿಗೆ ಆರೇ ಕಾಲು; ಅದು ಕೀಟಗಳ ಮೈಗೆ ಅಂಟಿ ರಸ ಹೀರಿ ಬೆಳೆಯುತ್ತದೆ. ಬೆಳೆ ಎದ್ದ ಮೇಲೆ ಮಿಡತೆ ಸಿಕ್ಕರೆ ಮೆಲ್ಲಗೆ ರೆಕ್ಕೆ ಎತ್ತಿ ಬುಡ ನೋಡಿ. ಅಲ್ಲಿ ಕೆಂಪು ಚುಕ್ಕೆ ಕಂಡರೆ ಅದು ಈ ಬಳಗದ ಮರಿಯೇ ಇದ್ದೀತು.